ಶೋಧನೆ (ಪಾಪಕ್ಕೆ ಎಳೆಯುವ ಆಸೆ) ಬಂದಾಗ ದೇವರ ಬಲವನ್ನು ಆತುಕೊಳ್ಳುವುದು ಅಂದರೆ ಏನು ಮಾಡಬೇಕು?

ನೀವು ಬರೆದದ್ದರ ಸಾರಾಂಶ ಇಷ್ಟು: ಊರು ಗದಗದ ಕಡೆ, ಕೆಲಸ ಪುಣೆಯ ಹಿಂಜವಡಿಯಲ್ಲಿ, ವಾಸ ವಾಕಡ್‌ನ ಒಂದು ಪಿ.ಜಿ.ಯಲ್ಲಿ. ರಾತ್ರಿ ಪಾಳಿ ಮುಗಿಸಿ ಮಲಗುವ ಹೊತ್ತಿಗೆ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವ ಚಟ ಬಿಡುತ್ತಿಲ್ಲ. ಇನ್ನು ಮುಟ್ಟುವುದಿಲ್ಲ ಎಂದು ಅತ್ತು ಪ್ರಾರ್ಥಿಸಿ ನಾಲ್ಕೈದು ದಿನವಾಗುವಷ್ಟರಲ್ಲಿ ಮತ್ತೆ ಅದೇ. "ನಿನ್ನ ಬಲದಿಂದ ಆಗದು, ದೇವರ ಬಲವನ್ನು ಆತುಕೋ" ಎಂದು ಪಾಸ್ಟರ್ ಹೇಳುತ್ತಾರೆ, ಹೇಗೆ ಎಂದು ಹೇಳುವುದಿಲ್ಲ. ನಾಚಿಕೆಯಿಂದ ಮೂರು ತಿಂಗಳಿಂದ ಸಭೆಯಲ್ಲಿ ರೊಟ್ಟಿ-ದ್ರಾಕ್ಷಾರಸ ತೆಗೆದುಕೊಳ್ಳುವ ಪ್ರಭುಭೋಜನವನ್ನೂ ಬಿಟ್ಟಿದ್ದೀರಿ.

ಪಾಸ್ಟರ್ ಹೇಳಿದ್ದು ಸರಿಯೇ, ಆದರೆ ಮಾತು ಅರ್ಧಕ್ಕೇ ನಿಂತಿದೆ. ದೇವರ ಬಲ ಅಂದ ಕೂಡಲೇ ನಮ್ಮವರ ಮನಸ್ಸಿಗೆ ಬರುವುದು ಕೂಟದಲ್ಲಿ ಆಗುವ ಆವೇಶ. ಕೀಬೋರ್ಡ್ ಜೋರಾಗಿ ನುಡಿಯುತ್ತದೆ, ಕೈ ಎತ್ತುತ್ತೇವೆ, ಮೈ ಜುಮ್ಮೆನ್ನುತ್ತದೆ, ಇನ್ನು ಸೈತಾನ ಹತ್ತಿರ ಸುಳಿಯಲಾರ ಅನ್ನಿಸುತ್ತದೆ. ಸೋಮವಾರದ ಹೊತ್ತಿಗೆ ಅದು ಇಳಿದಿರುತ್ತದೆ, ಜೊತೆಗೆ ದೇವರ ಬಲವೂ ಹೋಯಿತು ಅಂದುಕೊಳ್ಳುತ್ತೇವೆ. ಆ ಅನುಭವವನ್ನು ನಾನು ಹೀಗಳೆಯುವುದಿಲ್ಲ. ಆದರೆ ಅಪೊಸ್ತಲ ಪೌಲ ಬರೆದದ್ದು ಬೇರೆಯೇ. ಬೈಬಲಿನ 2 ಕೊರಿಂಥ 12ರಲ್ಲಿ ಆತನು ತನ್ನ ಶರೀರದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ಕೃಪೆಯೇ ಸಾಕು, ಬಲಹೀನತೆಯಲ್ಲಿಯೇ ನನ್ನ ಬಲ ಪೂರ್ಣವಾಗುತ್ತದೆ ಎಂಬ ಉತ್ತರ ಮಾತ್ರ ಬಂತು. ಅಂದರೆ ಬಲ ಬಂದಾಗ ಬಲ ಬಂದ ಹಾಗೆ ಅನ್ನಿಸಲೇಬೇಕು ಅಂತಿಲ್ಲ. ಕೈ ನಡುಗುತ್ತಿರುವಾಗಲೂ ಮೊಬೈಲನ್ನು ಆಚೆ ಕೋಣೆಯಲ್ಲಿ ಇಟ್ಟು ಬಂದಿರಾ, ಆ ಬಲ ಅದೇ.

ಇನ್ನೊಂದು ತಪ್ಪು ನೀವೇ ಬರೆದಿದ್ದೀರಿ: ಮಾತು ಕೊಡುವುದು. "ಕರ್ತನೇ, ಇದೊಂದು ಸಲ ಕ್ಷಮಿಸು, ಇನ್ನು ಜನ್ಮದಲ್ಲಿ ಮಾಡುವುದಿಲ್ಲ" ಎಂಬ ಪ್ರಾರ್ಥನೆ ಭಕ್ತಿಯಂತೆ ಕೇಳಿಸುತ್ತದೆ. ಅದರಲ್ಲಿರುವುದು ಮಾತ್ರ ನಮ್ಮ ಛಲ, ಜೊತೆಗೆ ಸ್ವಲ್ಪ ಹರಕೆಯ ಲೆಕ್ಕಾಚಾರ. ಯೇಸುವಿನ ಶಿಷ್ಯ ಪೇತ್ರನೂ ಹಾಗೇ ಮಾತು ಕೊಟ್ಟ: ಸಾಯಬೇಕಾದರೂ ನಿನ್ನನ್ನು ಅರಿಯೆನೆನ್ನುವುದಿಲ್ಲ ಎಂದ. ಅದೇ ರಾತ್ರಿ ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಅವನಿಗೆ ಹೇಳಿದ್ದು ಶೋಧನೆಗೆ ಒಳಗಾಗದಂತೆ ಎಚ್ಚರವಾಗಿದ್ದು ಪ್ರಾರ್ಥಿಸು ಎಂದು. ಅವನು ನಿದ್ದೆ ಹೋದ. ಸ್ವಾಮಿ ಮೂರು ಸಲ ಬಂದು ನೋಡಿದರೂ ನಿದ್ದೆಯೇ. ಮುಂದೆ ಅಂಗಳದ ಬೆಂಕಿಯ ಹತ್ತಿರ ಒಬ್ಬ ಕೆಲಸದ ಹುಡುಗಿ ಕೇಳಿದಾಗ ನಾಲಿಗೆ ತಪ್ಪಿತು. ಅಷ್ಟು ಹೊತ್ತಿಗೆ ಬಲ ಕೇಳಿಕೊಳ್ಳುವ ಸಮಯ ಕಳೆದುಹೋಗಿತ್ತು. ನಿಮಗೆ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ. ಬಿದ್ದ ಮೇಲೆ ಒಂದು ಗಂಟೆ ಅಳುವ ಬದಲು, ಬೀಳುವ ಗಂಟೆಗೆ ಮುಂಚಿನ 5 ನಿಮಿಷ ದೇವರ ಹತ್ತಿರ ಹೋಗಿ.

ಅದಕ್ಕೆ ಮೊದಲು ಆ ಗಂಟೆ ಯಾವುದು ಎಂದು ಗೊತ್ತಾಗಬೇಕು. ಎರಡು ವಾರ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ (ಮೊಬೈಲಿನಲ್ಲಿ ಬೇಡ) ಶೋಧನೆ ಬಂದಾಗಲೆಲ್ಲ ಒಂದು ಸಾಲು ಬರೆಯಿರಿ: ಎಷ್ಟು ಹೊತ್ತಿಗೆ, ಎಲ್ಲಿದ್ದಿರಿ, ಹಿಂದಿನ ದಿನ ಎಷ್ಟು ನಿದ್ದೆ, ಊಟ ಆಗಿತ್ತೇ, ಆ ದಿನ ಯಾರ ಮೇಲಾದರೂ ಸಿಟ್ಟಿತ್ತೇ, ಯಾರ ಜೊತೆಗಾದರೂ ಮನಬಿಚ್ಚಿ ಮಾತಾಡಿದಿರಾ. ಬಿದ್ದಿರೋ ಇಲ್ಲವೋ ಎನ್ನುವುದಕ್ಕಿಂತ ಈ ವಿವರಗಳೇ ಮುಖ್ಯ. ಹೆಚ್ಚಿನವರ ಪುಸ್ತಕದಲ್ಲಿ ಒಂದೇ ಚಿತ್ರ ಮತ್ತೆಮತ್ತೆ ಬರುತ್ತದೆ. ಪಾಳಿ ಮುಗಿದಿದೆ, ಹೊಟ್ಟೆ ಖಾಲಿ, ಮ್ಯಾನೇಜರ್ ಏನೋ ಅಂದಿದ್ದಾನೆ, ಮನೆಗೆ ಫೋನ್ ಮಾಡಿ ಎಷ್ಟೋ ದಿನವಾಗಿದೆ, ರೂಮ್‌ಮೇಟ್ ಮಲಗಿದ್ದಾನೆ, ಹೊದಿಕೆಯೊಳಗೆ ಮೊಬೈಲ್ ಬೆಳಗುತ್ತಿದೆ. ಇದನ್ನೆಲ್ಲ "ಸೈತಾನನ ಕಾಟ" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಸೈತಾನ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಅವನು ಯಾವ ಬಾಗಿಲಿಂದ ಬರುತ್ತಾನೆ ಎಂದು ನೋಡದೆ ಅವನನ್ನು ಗದರಿಸುತ್ತ ಕೂತರೆ ಬಾಗಿಲು ತೆರೆದೇ ಇರುತ್ತದೆ. ಯಾಕೋಬ 4:7ರಲ್ಲೂ ಮೊದಲು ಬರುವುದು ದೇವರಿಗೆ ಅಧೀನರಾಗುವುದು, ಸೈತಾನನನ್ನು ಎದುರಿಸುವುದು ಆಮೇಲೆ.

ಗಂಟೆ ಗೊತ್ತಾದ ಮೇಲೆ ಪ್ರಾರ್ಥನೆಯನ್ನು ಅದಕ್ಕಿಂತ ಮುಂಚೆಗೆ ತನ್ನಿ. ನಿಮಗೆ ಅದು ಕಂಪನಿಯ ಕ್ಯಾಬ್. ಕಣ್ಣು ಮುಚ್ಚಬೇಕಿಲ್ಲ, ತುಟಿ ಆಡಿಸಬೇಕಿಲ್ಲ, ಉದ್ದುದ್ದ ಸಂಬೋಧನೆಗಳೂ ಬೇಡ. ನಾಲ್ಕು ವಾಕ್ಯ ಸಾಕು: "ತಂದೆಯೇ, ಇವತ್ತು ಸುಸ್ತಾಗಿದ್ದೇನೆ, ಮನಸ್ಸು ಕಹಿಯಾಗಿದೆ. ಇನ್ನರ್ಧ ಗಂಟೆಯಲ್ಲಿ ರೂಮಿನಲ್ಲಿ ಒಬ್ಬನೇ ಇರುತ್ತೇನೆ, ಆಗ ಆ ವಿಡಿಯೋ ನೋಡುವ ಆಸೆ ಬರುತ್ತದೆ. ನನ್ನಿಂದ ತಡೆಯಲಾಗುವುದಿಲ್ಲ. ಒಳಗೆ ಹೋದ ಕೂಡಲೇ ಮೊಬೈಲನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಬರುವ ಮನಸ್ಸು ಕೊಡು, ಯೇಸುವಿನ ಹೆಸರಿನಲ್ಲಿ." ಪಾಪಕ್ಕೆ ಅದರ ಹೆಸರನ್ನೇ ಇಡಿ, "ನನ್ನ ಬಲಹೀನತೆಗಳು" ಎಂದು ತೇಲಿಸಿದರೆ ಪ್ರಾರ್ಥನೆಯೂ ತೇಲಿ ಹೋಗುತ್ತದೆ. ಕೊನೆಯಲ್ಲಿ ಕೈಯಿಂದ ಮಾಡುವ ಒಂದು ಕೆಲಸ ಇರಲೇಬೇಕು. 1 ಕೊರಿಂಥ 10:13 ಹೇಳುವ ತಪ್ಪಿಸಿಕೊಳ್ಳುವ ಮಾರ್ಗ ಆಕಾಶ ಬಿರಿದು ಬರುವುದು ಅಪರೂಪ. ಸಾಮಾನ್ಯವಾಗಿ ಅದು ಒಂದು ಬಾಗಿಲು, ಒಂದು ಚಾರ್ಜರ್, ಎಚ್ಚರವಿರುವ ಒಬ್ಬ ಗೆಳೆಯ. ಪೋಟೀಫರನ ಮನೆಯಲ್ಲಿ ಯೋಸೇಫ ನಿಂತು ಉಪದೇಶ ಮಾಡುತ್ತ ಉಳಿಯಲಿಲ್ಲ, ಬಟ್ಟೆಯನ್ನೇ ಬಿಟ್ಟು ಓಡಿದ. ಅಲಾರಂ ಬೇಕಲ್ಲ ಎನ್ನುತ್ತೀರಿ; ಮೊಬೈಲ್ ಹಾಸಿಗೆಗೆ ಬರುವುದು ಹೆಚ್ಚಾಗಿ ಅದೇ ನೆಪದಿಂದ. ಒಂದು ಅಲಾರಂ ಗಡಿಯಾರ ಕೊಂಡುಬಿಡಿ.

ಇಷ್ಟಾದರೂ ಆಸೆ ಬರುತ್ತದೆ. ಬಂದದ್ದೇ ಪಾಪವಲ್ಲ, ಶೋಧನೆ ಯೇಸುವಿಗೂ ಬಂತು. ಆಗ ಮಲಗಿಕೊಂಡೇ ಹೋರಾಡಬೇಡಿ. ಎದ್ದು ಕೂತುಕೊಳ್ಳಿ, ಲೈಟ್ ಹಾಕಿ ಅಥವಾ ಬಾಲ್ಕನಿಗೆ ಹೋಗಿ, ನೀರು ಕುಡಿಯಿರಿ. ಒಂದು ವಚನವನ್ನು ಬಾಯಿಬಿಟ್ಟು ಹೇಳಿ, ಪಿಸುಮಾತಾದರೂ ಸರಿ, ನೀವು ಅಳುವ ಭಾಷೆಯಲ್ಲಿ. ಆಫೀಸಿನಲ್ಲಿ ಇಂಗ್ಲಿಷ್, ರಿಕ್ಷಾದವರ ಜೊತೆ ಮರಾಠಿ ಸರಿ, ಇಲ್ಲಿ ಕನ್ನಡವೇ ಇರಲಿ. ಮೇವು ಹಾಕದಿದ್ದರೆ ಆ ಒತ್ತಡ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ತಾನಾಗಿ ತಗ್ಗುತ್ತದೆ. "ರಾತ್ರಿಯಿಡೀ ಹೇಗೆ ತಡೆಯಲಿ" ಎಂಬ ಯೋಚನೆಯೇ ಅರ್ಧ ಜನರನ್ನು ಸೋಲಿಸುತ್ತದೆ. ತಡೆಯಬೇಕಾದದ್ದು ಅರ್ಧ ಗಂಟೆ.

ವಚನದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅರಣ್ಯದಲ್ಲಿ ಶೋಧಿಸಲು ಬಂದ ಸೈತಾನನಿಗೆ ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದಿಂದ ಬಂದವು. ಹಸಿವಿನ ಮಾತಿಗೆ ರೊಟ್ಟಿಯ ವಚನ, ಆರಾಧನೆಯ ಮಾತಿಗೆ ಆರಾಧನೆಯ ವಚನ. ಅದೇ ಹೊತ್ತಿನಲ್ಲಿ ಸೈತಾನನೂ 91ನೇ ಕೀರ್ತನೆಯನ್ನು ಬಾಯಿಪಾಠ ಹೇಳಿದ. ಹಾಗಾಗಿ ವಚನವನ್ನು ಮಂತ್ರದಂತೆ ಜಪಿಸುವುದರಿಂದ ಏನೂ ಆಗದು, ನಿಮ್ಮ ಕಿವಿಯಲ್ಲಿ ಕೇಳಿಸುವ ಸುಳ್ಳಿಗೆ ನೇರ ಎದುರು ನಿಲ್ಲುವ ವಚನ ಬೇಕು. "ಇದೊಂದು ಸಲ, ಏನಾಗುತ್ತದೆ" ಅನ್ನಿಸಿದರೆ ಗಲಾತ್ಯ 6:7 (ಬಿತ್ತಿದ್ದನ್ನೇ ಕೊಯ್ಯಬೇಕು). "ನೀನು ಇರುವುದೇ ಹೀಗೆ, ಬದಲಾಗಲಾರೆ" ಅನ್ನಿಸಿದರೆ ರೋಮಾಪುರ 6:14 (ಪಾಪ ನಿಮ್ಮ ಮೇಲೆ ಅಧಿಕಾರ ನಡಿಸದು). "ಇಷ್ಟಾದ ಮೇಲೆ ದೇವರ ಮುಂದೆ ಯಾವ ಮುಖ ಇಟ್ಟುಕೊಂಡು ಹೋಗುತ್ತೀ" ಅನ್ನಿಸಿದರೆ ಇಬ್ರಿಯ 4:15-16 (ಧೈರ್ಯದಿಂದ ಕೃಪಾಸನದ ಮುಂದೆ ಬನ್ನಿ). ವಾರಕ್ಕೆ ಒಂದೇ ವಚನ. ಚೀಟಿಯಲ್ಲಿ ಕೈಯಾರೆ ಬರೆದು ಐಡಿ ಕಾರ್ಡಿನ ಹಿಂದೆ ಇಟ್ಟುಕೊಳ್ಳಿ. ಮೊದಲು ಅಧ್ಯಾಯ-ವಚನ ಸಂಖ್ಯೆ, ಆಮೇಲೆ ಮಾತು, ಕೊನೆಗೆ ಮತ್ತೆ ಸಂಖ್ಯೆ, ಹೀಗೆ ಹೇಳಿಕೊಂಡರೆ ಬೇಗ ಮರೆಯುವುದಿಲ್ಲ. ಕಾರಿನ ಗಾಜಿನ ಮೇಲೂ ಪರೀಕ್ಷೆಯ ಹಾಲ್ ಟಿಕೆಟ್ಟಿನ ಮೇಲೂ ಕಾಣುವ ಫಿಲಿಪ್ಪಿ 4:13ನ್ನು (ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ) ಬಳಸುವುದಾದರೆ ಅದರ ಹಿಂದಿನ ಎರಡು ವಚನಗಳನ್ನೂ ಓದಿ. ಪೌಲ ಅಲ್ಲಿ ಹೇಳುತ್ತಿರುವುದು ಹಸಿದಿರುವುದನ್ನೂ ತೃಪ್ತನಾಗಿರುವುದನ್ನೂ ಕಲಿತೆ ಎಂದು, ಬಯಸಿದ್ದೆಲ್ಲ ಗೆಲ್ಲುತ್ತೇನೆ ಎಂದಲ್ಲ.

ಎಫೆಸ 6ರಲ್ಲಿ ದೇವರು ಕೊಡುವ ಸರ್ವಾಯುಧದ ಚಿತ್ರವನ್ನು ನೀವೂ ಸಂಡೇ ಸ್ಕೂಲಿನಲ್ಲಿ ಬಣ್ಣ ಹಚ್ಚಿರುತ್ತೀರಿ. ನಡುಕಟ್ಟಿನಿಂದ ಕತ್ತಿಯವರೆಗೆ ಆರನ್ನೂ ಹೇಳುವ ಮಕ್ಕಳಿದ್ದಾರೆ. 18ನೇ ವಚನವನ್ನು ಮಾತ್ರ ಯಾರೂ ಬಣ್ಣ ಹಚ್ಚುವುದಿಲ್ಲ: ಎಲ್ಲ ದೇವಜನರಿಗಾಗಿ ಎಚ್ಚರವಾಗಿದ್ದು ಪ್ರಾರ್ಥಿಸಿರಿ. ಅದಾದ ಮೇಲೆ ಪೌಲ, ಬೇಡಿಯಲ್ಲಿದ್ದವನು, ನನಗಾಗಿಯೂ ಪ್ರಾರ್ಥಿಸಿ ಎಂದು ಕೇಳುತ್ತಾನೆ. ಈ ಯುದ್ಧ ಒಬ್ಬನ ಯುದ್ಧವಲ್ಲ. ಅಮಾಲೇಕ್ಯರ ಮೇಲೆ ಯುದ್ಧ ನಡೆದಾಗ, ಗೆಲುವಿಗಾಗಿ ಮೇಲೆತ್ತಿ ಹಿಡಿದ ಮೋಶೆಯ ಕೈ ಸೋತವು, ಆರೋನನೂ ಹೂರನೂ ಕಲ್ಲು ತಂದು ಅವನನ್ನು ಕೂರಿಸಿ ಆಚೆಗೊಬ್ಬ ಈಚೆಗೊಬ್ಬ ಕೈ ಹಿಡಿದರು. ನಿಮಗೂ ಅಂಥವರು ಕನಿಷ್ಠ ಒಬ್ಬರು ಬೇಕು. ಪುಣೆಯಲ್ಲಿ ನಮ್ಮವರು ಭೋಸರಿಯಿಂದ ಹಡಪ್ಸರ್‌ವರೆಗೆ ಚದುರಿಕೊಂಡಿದ್ದಾರೆ. ಆರಾಧನೆ ಮುಗಿದ ಮೇಲೆ ಚಹಾ ಕುಡಿದು ಬಸ್ ಹಿಡಿಯುವ ಗಡಿಬಿಡಿಯಲ್ಲಿ ಇಂಥ ಮಾತು ಬರುವುದಿಲ್ಲ. ನಿಮಗಿಂತ ಹಿರಿಯ, ಬಾಯಿ ಬಿಗಿಯಿರುವ ಒಬ್ಬ ಅಣ್ಣನನ್ನು ಆರಿಸಿ, ಒಂದು ಸಲ ಎದುರಾಎದುರು ಕೂತು ಎಲ್ಲ ಹೇಳಿ. ಆಮೇಲೆ ವಾರಕ್ಕೊಂದು ಫೋನ್. ಕಷ್ಟದ ಗಂಟೆಯಲ್ಲಿ ವಿವರಿಸುವ ಶಕ್ತಿ ಇರುವುದಿಲ್ಲ, ಅದಕ್ಕೆ "ಅಣ್ಣಾ, ಪ್ರಾರ್ಥಿಸಿ" ಎಂಬ ಎರಡು ಪದದ ಸಂದೇಶವನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಆದರೆ ಅದನ್ನು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಅಲ್ಲಿ ಕೈಮುಗಿದ ಚಿತ್ರಗಳು ಬರುತ್ತವೆ, ಆಮೇಲೆ ಸುದ್ದಿ ಗದಗ ಮುಟ್ಟುತ್ತದೆ.

ದೇವರ ಮೇಲೆ ಭಾರ ಹಾಕಿದವರು ಕೈಕಟ್ಟಿ ಕೂರುವುದಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ ಪುಣೆಯಿಂದ ದೌಂಡ್ ಕಡೆ ಹೋಗುವ ರೈಲಿನ ದಾರಿಯಲ್ಲೇ ಕೇಡಗಾಂವ್ ಇದೆ, ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಪಂಡಿತಾ ರಮಾಬಾಯಿಯವರು ಕಟ್ಟಿದ ಮುಕ್ತಿ ಮಿಷನ್. ಅವರು ಹುಟ್ಟಿದ್ದು 1858ರಲ್ಲಿ, ಈಗಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆಗ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನೇ ಸಿಕ್ಕಿದ್ದು ವರ್ಷಗಳ ಮೇಲೆ ಎಂದು ಆಮೇಲೆ ಅವರೇ ಬರೆದಿದ್ದಾರೆ. ಮುಕ್ತಿಯಲ್ಲಿ 1905ರಲ್ಲಿ ದೊಡ್ಡ ಉಜ್ಜೀವನ (ಭಕ್ತಿಯ ಹೊಸ ಎಚ್ಚರ) ನಡೆಯಿತು ಎಂದು ಎಲ್ಲರೂ ಹೇಳುತ್ತಾರೆ. ಅದೇ ಮುಕ್ತಿಯಲ್ಲಿ ಬರಗಾಲಕ್ಕೆ ಸಿಕ್ಕಿದ ಹೆಣ್ಣುಮಕ್ಕಳು ಅಕ್ಷರ ಕಲಿತು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತರುತ್ತಿದ್ದರು. 1921ರಲ್ಲಿ ಮಗಳು ಮನೋರಮೆ ತೀರಿಕೊಂಡರು, ಆ ಕೆಲಸ ಮಾತ್ರ ನಿಲ್ಲಲಿಲ್ಲ. 1922ರಲ್ಲಿ ತಾವು ಸಾಯುವ ಹೊತ್ತಿಗೆ ಅನುವಾದ ಮುಗಿಸಿದ್ದರು. ಪ್ರಾರ್ಥನೆ ಯಾವುದು, ದುಡಿಮೆ ಯಾವುದು ಎಂದು ಅಲ್ಲಿ ಬೇರ್ಪಡಿಸಲು ಬರುವುದಿಲ್ಲ.

ಉಪವಾಸದ ಬಗ್ಗೆ ಕೇಳಿದ್ದೀರಿ. ಮಾಡಿ, ಆದರೆ ರಾತ್ರಿ ಪಾಳಿಯ ವಾರದಲ್ಲಿ ಬೇಡ. ಹಸಿವು, ನಿದ್ದೆಗೇಡು ಎರಡೂ ಸೇರಿದರೆ ಶೋಧನೆಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ರಜೆಯ ದಿನ ಒಂದು ಹೊತ್ತಿನ ಊಟ ಬಿಟ್ಟು ಆ ಸಮಯವನ್ನು ಪ್ರಾರ್ಥನೆಗೆ ಕೊಡಿ, ನೀರು ಕುಡಿಯಿರಿ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯಬಾರದು. 1 ಅರಸು 19ರಲ್ಲಿ ಎಲೀಯ ಸಾವನ್ನೇ ಬೇಡಿಕೊಂಡು ಗಿಡದ ಕೆಳಗೆ ಮಲಗಿದಾಗ ದೇವದೂತ ಬೈಬಲ್ ಸ್ಟಡಿ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ನಡುವೆ ಮಲಗಲು ಬಿಟ್ಟ. ನಿಮಗೂ ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ ಅದನ್ನು ಆತ್ಮಿಕ ಸೋಲು ಎಂದು ಮುಚ್ಚಿಡಬೇಡಿ, ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಖರ್ಚಿಲ್ಲ. ಮಾತ್ರೆ ಶುರುವಾಗಿದ್ದರೆ, ಪ್ರಾರ್ಥನೆ ಮಾಡಿಸಿಕೊಂಡೆ ಎಂದು ನಡುವೆ ನಿಲ್ಲಿಸಬೇಡಿ. ಬಿಡುಗಡೆಯ ಪ್ರಾರ್ಥನೆಗೆ ಮೊದಲು ಕಾಣಿಕೆಯ ಮೊತ್ತ ಹೇಳುವವರ ಮನೆ ಮೆಟ್ಟಿಲನ್ನೂ ಹತ್ತಬೇಡಿ.

ಮತ್ತೆ ಬಿದ್ದರೆ? ಬೀಳಬಹುದು. ಆಗ ಅದೇ ಗಂಟೆಯೊಳಗೆ 1 ಯೋಹಾನ 1:9 (ಪಾಪ ಅರಿಕೆಮಾಡಿದರೆ ದೇವರು ಕ್ಷಮಿಸುತ್ತಾನೆ) ಓದಿ, ಆದದ್ದನ್ನು ಹೆಸರಿಟ್ಟು ಅರಿಕೆಮಾಡಿ, ನೋಟ್‌ಬುಕ್ಕಿನಲ್ಲಿ ಬರೆದು ಮಲಗಿ, ಮರುದಿನ ಅಣ್ಣನಿಗೆ ತಿಳಿಸಿ. ಎರಡು ದಿನ ಪ್ರಾರ್ಥಿಸದೆ, ಹಾಡದೆ ನಮ್ಮನ್ನು ನಾವೇ ಶಿಕ್ಷಿಸಿಕೊಂಡು ಆಮೇಲೆ ದೇವರ ಹತ್ತಿರ ಹೋಗುವ ಪದ್ಧತಿ ನಮ್ಮಲ್ಲಿ ಬಹಳ ಇದೆ. ಶಿಲುಬೆಯಲ್ಲಿ ತೀರಿದ ಸಾಲಕ್ಕೆ ನಾವು ಮೇಲಿಂದ ಬಡ್ಡಿ ಕಟ್ಟಲು ಹೋದ ಹಾಗಿದೆ ಅದು.

ಪ್ರಭುಭೋಜನದ ವಿಷಯವೂ ಇದರೊಳಗೇ ಬರುತ್ತದೆ. 1 ಕೊರಿಂಥ 11:28 ಹೇಳುವುದು ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದು, ಪರೀಕ್ಷಿಸಿಕೊಂಡು ದೂರ ಉಳಿಯಲಿ ಎಂದಲ್ಲ. ಪಾಪವನ್ನು ಬಿಡುವ ಮನಸ್ಸೇ ಇಲ್ಲದೆ ಹಗುರವಾಗಿ ಕೈಚಾಚುವವನಿಗೆ ಎಚ್ಚರಿಕೆ ಬೇಕು, ನೀವು ಆ ಸಾಲಿನವರಲ್ಲ. ಕಥೋಲಿಕ ಸಭೆಯವರಾದರೆ ಕ್ರಮ ಬೇರೆ, ಮೊದಲು ಗುರುಗಳ ಹತ್ತಿರ ಪಾಪನಿವೇದನೆ ಮಾಡಿ. ಪ್ರತಿ ಸಲವೂ ಒಬ್ಬರೇ ಗುರುಗಳ ಹತ್ತಿರ ಹೋದರೆ ಅವರಿಗೂ ನಿಮ್ಮ ಹೋರಾಟ ತಿಳಿದಿರುತ್ತದೆ. ಪ್ರೊಟೆಸ್ಟಂಟ್ ಸಭೆಯಾದರೆ ಶನಿವಾರವೇ ಪಾಸ್ಟರಿಗೆ ಫೋನ್ ಮಾಡಿ ಹತ್ತು ನಿಮಿಷ ಕೇಳಿ, ಮೂರು ತಿಂಗಳಿಂದ ಯಾಕೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೀರಿ ಎಂದು ಹೇಳಿಬಿಡಿ.