ಮೇ 19: ರಾಯಚೂರು ಯುದ್ಧದ ದಿನ ಇನ್ನೇನಾಯ್ತು?

ಪ್ರಶ್ನೆ: ನನ್ನ ಮಗಳು ಹುಟ್ಟಿದ್ದು ಮೇ 19ಕ್ಕೆ. ಆ ತಾರೀಖಿನಂದು ಹಿಂದೆ ಏನೇನು ನಡೆದಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ. ರಾಯಚೂರು ಯುದ್ಧವೂ ಅದೇ ದಿನ ಎಂದು ಗೊತ್ತಾಗಿ ಕುಣಿದಾಡಿದಳು. ಆದರೆ ಒಂದು ಕಡೆ 1520 ಎಂದಿದೆ, ಇನ್ನೊಂದು ಕಡೆ 1522. ಯಾವುದು ಸರಿ? ಬೇರೆ ಏನಾದರೂ ವಿಶೇಷ ಇದೆಯೇ?
– ಓದುಗರು, ದೇವದುರ್ಗ

ಉತ್ತರ: 1520 ಎಂದೇ ಬರೆಯಲಿ. 1522 ಎಂದವನು ಫೆರ್ನಾವ್ ನೂನಿಜ್, ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಇಸವಿ ತಪ್ಪಿದರೂ ಅವನು ಒಂದು ಒಳ್ಳೆಯ ಸುಳಿವು ಬಿಟ್ಟಿದ್ದಾನೆ. ಶುಕ್ರವಾರ ಒಳ್ಳೆಯದಲ್ಲ, ಶನಿವಾರ ಯುದ್ಧಕ್ಕೆ ಹೋಗೋಣ ಎಂದು ಮಂತ್ರಿಗಳು ಕೃಷ್ಣದೇವರಾಯನಿಗೆ ಹೇಳಿದರಂತೆ. ಶುಕ್ರವಾರ ಬೇಡ, ಶನಿವಾರ ಆಗಬಹುದು ಎನ್ನುವುದು ಇವತ್ತು ನಮಗೆ ಉಲ್ಟಾ ಅನಿಸುತ್ತೆ, ಅಲ್ವಾ? ಯುದ್ಧ ನಡೆದದ್ದು ಹೊಸ ಚಂದ್ರನ ದಿನ ಎಂದೂ ನೂನಿಜ್ ಬರೆದಿದ್ದಾನೆ. ಮದ್ರಾಸ್ ಪ್ರಾಂತ್ಯದ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ ಇದನ್ನೇ ಹಿಡಿದು ಲೆಕ್ಕ ಹಾಕಿದರು. 1522ಕ್ಕೆ ವಾರ ಕೂಡಿಬರಲಿಲ್ಲ. 1520ರಲ್ಲಿ ಅಮಾವಾಸ್ಯೆ ಮೇ 17, ಗುರುವಾರ. ಚಂದ್ರ ಕಣ್ಣಿಗೆ ಕಾಣುವುದು 19, ಶನಿವಾರ. ರಂಜಾನ್ ಹಬ್ಬಕ್ಕೆ ಚಂದ್ರನನ್ನು ಕಾಯುತ್ತಾರಲ್ಲ, ಹಾಗೆ.

ಆದರೆ ಒಂದು ಮಾತು ಮಗಳಿಗೆ ಹೇಳಲೇಬೇಕು. ಆ ಮೇ 19 ನಮ್ಮ ಕ್ಯಾಲೆಂಡರಿನ ಮೇ 19 ಅಲ್ಲ. ಆಗ ಯುರೋಪಿನಲ್ಲಿದ್ದದ್ದು ಜೂಲಿಯನ್ ಕ್ಯಾಲೆಂಡರ್. 1582ರಲ್ಲಿ ಪೋಪ್ ಗ್ರೆಗರಿ ಅದನ್ನು ತಿದ್ದಿದಾಗ ಅಕ್ಟೋಬರ್ 4ರ ಮರುದಿನವೇ 15 ಆಯಿತು. ಇವತ್ತಿನ ಲೆಕ್ಕದಲ್ಲಿ ರಾಯಚೂರು ಯುದ್ಧ ನಡೆದದ್ದು ಮೇ 29ಕ್ಕೆ.

ಕೋಟೆ ಅವತ್ತೇ ಬಿತ್ತು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅವತ್ತಿನ ಕಾಳಗ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯದ ಜೊತೆ, ಕೃಷ್ಣಾ ನದಿಯ ಕಡೆ. ಆದಿಲ್ ಶಾಹನ ಫಿರಂಗಿಗಳಿಗೆ ವಿಜಯನಗರದ ಮುಂದಿನ ಸಾಲು ಮುರಿದು ಓಡತೊಡಗಿತು. ಆಗ ರಾಯ ಬೆರಳಿನ ಉಂಗುರ ಬಿಚ್ಚಿ ಹುಡುಗನೊಬ್ಬನ ಕೈಗೆ ಕೊಟ್ಟನಂತೆ. ನಾನು ಸತ್ತರೆ ರಾಣಿಯರಿಗೆ ಇದನ್ನು ತೋರಿಸು ಎಂದು. ಆಮೇಲೆ ತಾನೇ ಮುಂದೆ ನುಗ್ಗಿದ. ಕೃಷ್ಣಾ-ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನ ಹಣೆಬರಹ ಆ ಗಳಿಗೆಯಲ್ಲಿ ತಿರುಗಿತು. ಕೋಟೆ ಕೈಗೆ ಬಂದದ್ದು ಅದಾದ ಮೇಲೆ.

ಪಟ್ಟಿಗೆ ಸೇರುವುದು ಇನ್ನೂ ಇದೆ. 1536ರ ಮೇ 19ಕ್ಕೆ ಇಂಗ್ಲೆಂಡಿನ ರಾಣಿ ಆನ್ ಬೊಲಿನ್‌ಳ ತಲೆ ಕಡಿಸಿದರು. ಅದೂ ಹಳೆಯ ಲೆಕ್ಕ. 1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದೊಳಗೆ ಭೂಮಿ ಹಾದುಹೋದದ್ದು ಮೇ 18-19ರ ಸುಮಾರಿಗೆ. ವಿಷಗಾಳಿ ಬರುತ್ತದೆ ಎಂದು ಹೆದರಿದವರಿಗೆ ಮಾತ್ರೆ ಮಾರಿದವರೂ ಇದ್ದರು. ಗಿರೀಶ ಕಾರ್ನಾಡರು ಮಾಥೇರಾನ್‌ನಲ್ಲಿ ಹುಟ್ಟಿದ್ದು 1938ರ ಇದೇ ದಿನ.

ನನಗೆ ಜಾಸ್ತಿ ಇಷ್ಟ 1780ರದ್ದು. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ನಡುಹಗಲೇ ಕತ್ತಲಾಯಿತು. ಕೋಳಿಗಳು ಗೂಡು ಸೇರಿದವು. ಜನ ಪ್ರಳಯ ಬಂತು ಎಂದುಕೊಂಡರು. ಕನೆಕ್ಟಿಕಟ್‌ನ ಶಾಸನಸಭೆಯಲ್ಲಿ ಎದ್ದು ಹೋಗೋಣ ಎಂಬ ಮಾತು ಬಂದಾಗ ಸದಸ್ಯ ಅಬ್ರಹಾಂ ಡೇವನ್‌ಪೋರ್ಟ್ ಒಪ್ಪಲಿಲ್ಲ. ಪ್ರಳಯ ಅಲ್ಲದಿದ್ದರೆ ಹೋಗುವ ಕಾರಣವಿಲ್ಲ, ಪ್ರಳಯವೇ ಆದರೆ ಕೆಲಸ ಮಾಡುತ್ತಲೇ ಇರೋಣ, ಮೇಣದಬತ್ತಿ ತನ್ನಿ ಎಂದರು. ಆ ಕತ್ತಲಿಗೆ ಕಾರಣ ಕೆನಡಾ ಕಡೆಯ ಕಾಡ್ಗಿಚ್ಚಿನ ಹೊಗೆ. ಅಲ್ಲಿನ ಮರಗಳ ಬೆಳವಣಿಗೆಯ ಉಂಗುರಗಳಲ್ಲಿ ಆ ಬೆಂಕಿಯ ಗಾಯ ಸಿಕ್ಕಿದೆ.

ಮೇ 29ಕ್ಕೆ ಬಿಡುವಿದ್ದರೆ ಮಗಳನ್ನು ರಾಯಚೂರಿನ ಕೋಟೆಗೆ ಕರೆದುಕೊಂಡು ಹೋಗಿ. ಬಿಸಿಲೇರುವ ಮುಂಚೆ ಹೋಗಿ. ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ಶಾಸನ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೀರಿದ್ದಾರೆ. ಕೃಷ್ಣದೇವರಾಯ ಬಂದಾಗಲೇ ಅದು 226 ವರ್ಷ ಹಳೆಯದು.