ಹೈಸ್ಕೂಲ್ ಬೇಸ್‌ಬಾಲ್ ಮ್ಯಾಚಲ್ಲಿ ಫೋಟೋ ತೆಗೆಯಲು ಎಲ್ಲಿ ನಿಲ್ಲಬೇಕು, ಮನೆಯವರನ್ನು ಎಲ್ಲಿ ಕೂರಿಸಬೇಕು?

ನಿಮ್ಮ ಮಗ ಈ ವರ್ಷ ಹೈಸ್ಕೂಲ್ ಟೀಮಿಗೆ ಸೇರಿದ್ದಾನೆ. ಕೋಚ್ ನಿಮಗೆ ಫೋಟೋ ತೆಗೆದುಕೊಡಿ ಎಂದಿದ್ದಾರೆ. ಊರಿಂದ ಬಂದಿರುವ ಅತ್ತೆ ಮಾವ, ಮೂರು ವರ್ಷದ ಮಗಳು ಕೂಡ ಮ್ಯಾಚಿಗೆ ಬರುತ್ತಾರೆ. ಬೇಲಿ ದಾಟಿ ಒಳಗೆ ನಿಲ್ಲಬಹುದಾ, ಇವರನ್ನೆಲ್ಲ ಎಲ್ಲಿ ಕೂರಿಸಲಿ ಅಂತ ಕೇಳಿದ್ದೀರಿ. ನಾನು ಇಲ್ಲಿ ಟೆಕ್ಸಾಸಿನಲ್ಲಿ ನಾಲ್ಕು ವರ್ಷದಿಂದ ಮಗನ ಟೀಮಿನ ಫೋಟೋ ತೆಗೆಯುತ್ತಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ನಿಮ್ಮ ಕಣ್ಣು ಚೆಂಡಿನ ಮೇಲಿಲ್ಲದಷ್ಟು ಹೊತ್ತು ನಿಮ್ಮ ಮುಂದೆ ಬೇಲಿ ಇರಲೇಬೇಕು. ಕ್ಯಾಮೆರಾ ಹಿಡಿದವರ ಕಣ್ಣು ಚೆಂಡಿನ ಮೇಲಿರುವುದಿಲ್ಲ. ಇದೆ ಅಂತ ನಮಗೆ ಅನಿಸುತ್ತದೆ, ಅಷ್ಟೇ.

ಮೊದಲ ವರ್ಷ ನನಗೂ ಅನಿಸಿತ್ತು. ಫಸ್ಟ್ ಬೇಸ್ ಕಡೆಯ (ಬ್ಯಾಟರ್ ನಿಂತಲ್ಲಿಂದ ಮೈದಾನ ನೋಡಿದರೆ ಬಲಗಡೆ, ಥರ್ಡ್ ಬೇಸ್ ಎಡಗಡೆ) ಡಗೌಟ್, ಅಂದರೆ ಆಟಗಾರರು ಕೂರುವ ಜಾಗದ ಪಕ್ಕ, ಬೇಲಿಯ ಒಳಗೆ, ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದೆ. ಅಲ್ಲೇ ಕೂತುಕೊಳ್ಳಿ ಎಂದವರು ಕೋಚೇ. ಮಗ ಚೆಂಡನ್ನು ಥರ್ಡ್ ಬೇಸ್ ಕಡೆಗೆ ಹೊಡೆದು ಫಸ್ಟ್ ಬೇಸಿಗೆ ಓಡತೊಡಗಿದ. ನಾನು ಲೆನ್ಸಿನಲ್ಲಿ ಅವನ ಮುಖವನ್ನೇ ಹಿಂಬಾಲಿಸುತ್ತಿದ್ದೆ. ಅತ್ತ ಥರ್ಡ್ ಬೇಸ್ ಹುಡುಗ ಚೆಂಡು ಎತ್ತಿ ಎಸೆದದ್ದು ಫಸ್ಟ್ ಬೇಸ್‌ಮನ್ ತಲೆಯ ಮೇಲಿಂದ ಹಾರಿ ಬಂದು ನನ್ನ ಎಡ ಮುಂಗೈಗೆ ಬಡಿಯಿತು. ಲೆನ್ಸನ್ನು ಕೆಳಗಿಂದ ಹಿಡಿದಿದ್ದ ಕೈ ಅದು. ಒಂದು ಗೇಣು ಮೇಲೆ ಬಂದಿದ್ದರೆ ಮುಖ. ಮೂಳೆ ಮುರಿಯಲಿಲ್ಲ. ಆದರೆ ಬೇಸ್‌ಬಾಲ್ ಚೆಂಡಿಗೆ 108 ಜೋಡಿ ಕೆಂಪು ಹೊಲಿಗೆ ಇರುತ್ತದಲ್ವಾ, ಅದರಲ್ಲಿ ಏಳೆಂಟು ಹೊಲಿಗೆ ನನ್ನ ಚರ್ಮದ ಮೇಲೆ ಸಾಲಾಗಿ ಅಚ್ಚೊತ್ತಿದ್ದವು. ಆ ಗುರುತು ಎರಡು ದಿನ ಹೋಗಲಿಲ್ಲ. ಮನೆಗೆ ಬಂದು ಫೋಟೋ ನೋಡಿದೆ. ಕೊನೆಯ ಫ್ರೇಮಿನಲ್ಲಿ ಮಗ ಬೇಸಿನ ಕಡೆ ನೋಡುತ್ತಿಲ್ಲ. ನನ್ನ ಕಡೆ ನೋಡುತ್ತಿದ್ದಾನೆ, ಬಾಯಿ ತೆರೆದಿದೆ.

ನಮ್ಮಂಥವರಿಗೆ ಕ್ರಿಕೆಟ್ ನೋಡಿದ ಅಭ್ಯಾಸ. ಅಲ್ಲಿ ಪ್ರೇಕ್ಷಕರು ಬೌಂಡರಿ ಆಚೆ, ಅರವತ್ತು ಎಪ್ಪತ್ತು ಮೀಟರ್ ದೂರದಲ್ಲಿ ಇರುತ್ತಾರೆ. ಇಲ್ಲಿ ಹಾಗಲ್ಲ. ಶಾಲೆಯ ಮೈದಾನದಲ್ಲಿ ಬ್ಯಾಟರ್‌ನಿಂದ ಹದಿನೈದು ಇಪ್ಪತ್ತು ಮೀಟರಿನಲ್ಲೇ ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಚೆಂಡಿನ ತೂಕ 142ರಿಂದ 149 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಕಮ್ಮಿ. ಆದರೆ ಚೆನ್ನಾಗಿ ಆಡುವ ಹೈಸ್ಕೂಲ್ ಹುಡುಗನ ಬ್ಯಾಟಿನಿಂದ ಅದು ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಹೊರಡುವುದು ವಿಶೇಷವೇನಲ್ಲ. ಆ ವೇಗದಲ್ಲಿ ಇಪ್ಪತ್ತು ಮೀಟರಿಗೆ ಅರ್ಧ ಸೆಕೆಂಡ್. ನೋಡುತ್ತಾ ಇದ್ದವರಿಗೇ ಕಷ್ಟ. ಫೋನಿನಿಂದ ತಲೆ ಎತ್ತಬೇಕಾದವರಿಗೆ ಸಾಧ್ಯವೇ ಇಲ್ಲ. ಹೈಸ್ಕೂಲಲ್ಲಿ ಲೋಹದ ಬ್ಯಾಟ್ ಬಳಸುತ್ತಾರೆ. ಅದು ಮರದ ಬ್ಯಾಟಿಗಿಂತ ತುಂಬ ಜಾಸ್ತಿ ಪುಟಿಸಬಾರದು ಅಂತ 2012ರಿಂದ ಬಿಬಿಕೋರ್ ಅನ್ನುವ ಮಾನದಂಡ ಇದೆ. ಅದರಿಂದ ವೇಗ ತಗ್ಗಿತು, ನಿಜ. ಆದರೂ ಕೂತವರಿಗೆ ಸಿಗುವ ಸಮಯ ಅಷ್ಟೇ.

ಈಗ ಫೋಟೋ ವಿಷಯ. ಹೈಸ್ಕೂಲ್ ಆಟದ ನಿಯಮ ಬರೆಯುವ ಎನ್‌ಎಫ್‌ಎಚ್‌ಎಸ್ ಪ್ರಕಾರ ಆಟ ನಡೆಯುವ ಜಾಗದೊಳಗೆ ಫೋಟೋ ತೆಗೆಯುವವರು ಇರುವಂತಿಲ್ಲ. ಅವರಿಗೆ ಅಂತ ಜಾಗ ಕೊಡುವುದಾದರೆ ಮ್ಯಾಚ್ ಶುರುವಾಗುವ ಮೊದಲೇ ಗುರುತು ಮಾಡಿರಬೇಕು. ಹಾಗಾಗಿ ಕೋಚ್ ಒಳಗೆ ಬನ್ನಿ ಎಂದರೆ, "ಗುರುತು ಮಾಡಿದ ಜಾಗ ಎಲ್ಲಿದೆ ಸರ್?" ಎಂದು ಕೇಳಿ. ಇಲ್ಲ ಎಂದರೆ ಸಂಕೋಚ ಬಿಟ್ಟು ಹೊರಗೇ ನಿಲ್ಲಿ. ಅವರು ಒಳ್ಳೆಯ ಮನಸ್ಸಿನಿಂದಲೇ ಕರೆದಿರುತ್ತಾರೆ, ಆದರೆ ಆಟ ಶುರುವಾದ ಮೇಲೆ ನಿಮ್ಮನ್ನು ನೋಡಿಕೊಳ್ಳಲು ಅವರಿಗೆ ಆಗುವುದಿಲ್ಲ.

ಬೇಲಿಯ ಹಿಂದಿನಿಂದ ಫೋಟೋ ಚೆನ್ನಾಗಿ ಬರುವುದಿಲ್ಲ ಅನ್ನುವುದು ಸುಳ್ಳು. 70-200 ಲೆನ್ಸ್ ಇದ್ದರೆ ಪೂರ್ತಿ ಜೂಮ್ ಮಾಡಿ, ಅಪರ್ಚರ್ ಪೂರ್ತಿ ತೆರೆದು, ತಂತಿಯ ಒಂದು ಕಣ್ಣಿನ ನೇರಕ್ಕೆ ಲೆನ್ಸ್ ಹಿಡಿಯಿರಿ. ತಂತಿ ಫೋಟೋದಲ್ಲಿ ಕಾಣುವುದೇ ಇಲ್ಲ. ಬಿಸಿಲು ಬಿದ್ದ ತಂತಿ ಮಾತ್ರ ಮಬ್ಬು ತರಿಸುತ್ತದೆ, ನೆರಳಿನಲ್ಲಿರುವ ಕಡೆ ಹುಡುಕಿಕೊಳ್ಳಿ. ಶಟರ್ 1/1000 ಅಥವಾ ಇನ್ನೂ ವೇಗವಾಗಿರಲಿ. ಲೆನ್ಸನ್ನು ಬೇಲಿಗೆ ಒತ್ತಿ ಹಿಡಿಯಬೇಡಿ. ಚೆಂಡು ಬಡಿದಾಗ ಚೈನ್‌ಲಿಂಕ್ ಬೇಲಿ ಹಿಂದಕ್ಕೆ ಉಬ್ಬುತ್ತದೆ, ಆಗ ಕ್ಯಾಮೆರಾ ನಿಮ್ಮ ಹುಬ್ಬಿಗೆ ಬಡಿಯುತ್ತದೆ. ಒಂದು ಗೇಣು ಜಾಗ ಬಿಡಿ. ತಂತಿಯೊಳಗೆ ಬೆರಳು ತೂರಿಸಿ ನಿಲ್ಲುವುದಂತೂ ಬೇಡವೇ ಬೇಡ. ಮಕ್ಕಳು ಹಾಗೆಯೇ ನಿಲ್ಲುವುದು, ಮಗಳಿಗೆ ಮೊದಲ ದಿನವೇ ಹೇಳಿಕೊಡಿ.

ಯಾವ ಕಡೆ ನಿಲ್ಲಬೇಕು? ಹೋಂ ಪ್ಲೇಟಿನಿಂದ, ಅಂದರೆ ಬ್ಯಾಟರ್ ನಿಲ್ಲುವ ಜಾಗದಿಂದ, ಸೆಕೆಂಡ್ ಬೇಸಿನ ಕಡೆಗಿನ ಗೆರೆ ಪೂರ್ವ-ಈಶಾನ್ಯಕ್ಕೆ ಇರಲಿ ಅಂತ ಬೇಸ್‌ಬಾಲ್ ನಿಯಮ ಪುಸ್ತಕದ ಸಲಹೆ. ನಿಮ್ಮ ಮೈದಾನ ಹಾಗಿದ್ದರೆ ಸಂಜೆಯ ಮ್ಯಾಚಲ್ಲಿ ಫಸ್ಟ್ ಬೇಸ್ ಕಡೆ ಕೂತವರ ಕಣ್ಣಿಗೇ ಬಿಸಿಲು ಹೊಡೆಯುತ್ತದೆ, ಬರುವ ಚೆಂಡು ಕಾಣುವುದಿಲ್ಲ. ಥರ್ಡ್ ಬೇಸ್ ಕಡೆ ಬೆಳಕು ನಿಮ್ಮ ಬೆನ್ನಿಗೆ, ಫೋಟೋಗೆ ಅದೇ ಒಳ್ಳೆಯದು. ಆದರೆ ಬಲಗೈ ಬ್ಯಾಟರ್ ಜೋರಾಗಿ ಎಳೆದು ಹೊಡೆದ ಫೌಲ್, ಅಂದರೆ ಆಟದ ಗೆರೆಯ ಆಚೆಗೆ ಹೋಗುವ ಚೆಂಡು, ಬರುವುದೂ ಆ ಕಡೆಗೇ. ಅದಕ್ಕೇ ನಾನು ಥರ್ಡ್ ಬೇಸ್ ಕಡೆ, ಡಗೌಟಿನ ಪಕ್ಕದ ಎತ್ತರದ ಬೇಲಿಯ ಹಿಂದೆ ನಿಲ್ಲುತ್ತೇನೆ. ಸೊಂಟದೆತ್ತರದ ಬೇಲಿ ಬೇಲಿಯಲ್ಲ.

ಅತ್ತೆ ಮಾವನವರನ್ನು ಬ್ಯಾಕ್‌ಸ್ಟಾಪ್ ಹಿಂದೆ, ಅಂದರೆ ಹೋಂ ಪ್ಲೇಟಿನ ಹಿಂದಿನ ದೊಡ್ಡ ಬಲೆಯ ನೇರಕ್ಕೆ ಕೂರಿಸಿ. ಉಳಿದವರೆಲ್ಲ ಫಸ್ಟ್ ಬೇಸ್, ಥರ್ಡ್ ಬೇಸ್ ಕಡೆಯ ಗೆರೆಗಳ ಉದ್ದಕ್ಕೂ ಕುರ್ಚಿ ಹಾಕಿಕೊಂಡಿದ್ದಾರೆ, ಅಲ್ಲಿ ಗಾಳಿ ಚೆನ್ನಾಗಿದೆ ಅಂತ ಅನಿಸಬಹುದು. ಬೇಡ. ಹಿರಿಯರು ಮಾತಿನಲ್ಲಿರುತ್ತಾರೆ, ಆಟ ಹೊಸದು, ಥಟ್ಟನೆ ಪಕ್ಕಕ್ಕೆ ಸರಿಯಲು ಆಗುವುದಿಲ್ಲ. ಯಾರಾದರೂ "ಹೆಡ್ಸ್ ಅಪ್!" (ಚೆಂಡು ಬರುತ್ತಿದೆ, ಎಚ್ಚರ!) ಎಂದು ಕೂಗಿದರೆ ಏನು ಮಾಡಬೇಕು ಅಂತಲೂ ಹೇಳಿಕೊಡಿ. ಆ ಮಾತು ಕೇಳಿದರೆ ಎಲ್ಲರೂ ತಲೆ ಎತ್ತಿ ಆಕಾಶ ನೋಡುತ್ತಾರೆ. ಚೆಂಡು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ತಲೆ ಬಗ್ಗಿಸಿ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಬೇಕು. ಮಗಳನ್ನು ಬುಲ್‌ಪೆನ್ ಹತ್ತಿರ ಬಿಡಬೇಡಿ. ಅಲ್ಲಿ ಪಿಚರ್‌ಗಳು, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವರು, ಕೈ ಬಿಸಿ ಮಾಡಿಕೊಳ್ಳುತ್ತಿರುತ್ತಾರೆ, ಆಟ ನಿಂತಿದ್ದರೂ ಚೆಂಡು ಹಾರುತ್ತಲೇ ಇರುತ್ತದೆ. ಫೌಲ್ ಬಾಲ್ ಹುಡುಕಿ ತಂದುಕೊಟ್ಟ ಮಕ್ಕಳಿಗೆ ಕೆಲವು ಕಡೆ ಬಬಲ್‌ಗಮ್ ಕೊಡುತ್ತಾರೆ. ಆ ಆಸೆಗೆ ಮಕ್ಕಳು ಹಿಂದುಮುಂದು ನೋಡದೆ ಪಾರ್ಕಿಂಗಿಗೆ ಓಡುತ್ತಾರೆ. ನನಗೆ ಚೆಂಡಿಗಿಂತ ಅದರ ಭಯವೇ ಜಾಸ್ತಿ.

ಇಷ್ಟೆಲ್ಲಾ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಲ್ಲಿನ ವೃತ್ತಿಪರ ಬೇಸ್‌ಬಾಲಿನ ದೊಡ್ಡ ಲೀಗ್ ಕೂಡ ಈ ಪಾಠ ತಡವಾಗಿ ಕಲಿತದ್ದು. 2017ರ ಸೆಪ್ಟೆಂಬರಿನಲ್ಲಿ ಯಾಂಕಿ ಸ್ಟೇಡಿಯಂನಲ್ಲಿ ಒಂದು ಪುಟ್ಟ ಹುಡುಗಿಯ ಮುಖಕ್ಕೆ ಫೌಲ್ ಬಾಲ್ ಬಡಿಯಿತು. 2018ರ ಸೀಸನ್ ಹೊತ್ತಿಗೆ ಮೂವತ್ತೂ ಟೀಮುಗಳು ಡಗೌಟ್ ಕೊನೆಯವರೆಗೆ ಬಲೆ ಎಳೆದವು. ಅದೇ ವರ್ಷ ಆಗಸ್ಟಿನಲ್ಲಿ ಡಾಡ್ಜರ್ ಸ್ಟೇಡಿಯಂನಲ್ಲಿ, ಬಲೆಯ ರಕ್ಷಣೆ ಇಲ್ಲದ ಕಡೆ ಕೂತಿದ್ದ 79 ವರ್ಷದ ಮಹಿಳೆಯೊಬ್ಬರು ಫೌಲ್ ಬಾಲ್ ತಗುಲಿ ತೀರಿಕೊಂಡರು. ಶಾಲೆಯ ಮೈದಾನಗಳಲ್ಲಿ ಅಷ್ಟು ಉದ್ದದ ಬಲೆ ಅಪರೂಪ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಎದೆಗೆ, ಹೃದಯದ ನೇರಕ್ಕೆ, ಬಡಿತದ ಒಂದು ಸಣ್ಣ ಕ್ಷಣದಲ್ಲಿ ಚೆಂಡು ತಗುಲಿದರೆ ಹೃದಯದ ಲಯ ತಪ್ಪಿ ಮಗು ಅಲ್ಲೇ ಕುಸಿಯಬಹುದು. ಅದಕ್ಕೆ ಕಮೋಷಿಯೋ ಕಾರ್ಡಿಸ್ ಎನ್ನುತ್ತಾರೆ. ಏಟು ಭಯಂಕರವಾಗಿರಬೇಕು ಅಂತೇನಿಲ್ಲ. ಎದೆಗೂಡು ಇನ್ನೂ ಮೆತ್ತಗಿರುವ ಹುಡುಗರಲ್ಲೇ ಇದು ಜಾಸ್ತಿ. ಕುಸಿದರೆ ಒಬ್ಬರು 911ಕ್ಕೆ ಕರೆ ಮಾಡಬೇಕು, ಒಬ್ಬರು ಎದೆ ಒತ್ತಲು ಶುರು ಮಾಡಬೇಕು, ಒಬ್ಬರು ಎಇಡಿ ತರಲು ಓಡಬೇಕು. ಎಇಡಿ ಅಂದರೆ ಶಾಕ್ ಕೊಟ್ಟು ಹೃದಯವನ್ನು ಲಯಕ್ಕೆ ತರುವ ಪುಟ್ಟ ಯಂತ್ರ. ಒಂದೊಂದು ನಿಮಿಷವೂ ಲೆಕ್ಕ.

ನಮ್ಮ ಶಾಲೆಯ ಎಇಡಿ ಎಲ್ಲಿದೆ ಅಂತ ನಾನು ವಿಚಾರಿಸಿದ್ದು ಎರಡನೇ ವರ್ಷ. ಜಿಮ್ ಒಳಗಿತ್ತು. ಸಂಜೆ ನಾಲ್ಕಕ್ಕೆ ಆ ಬಾಗಿಲಿಗೆ ಬೀಗ. ಮೂವರು ತಾಯಂದಿರು ಸೇರಿ ಮೂರು ಇಮೇಲ್ ಬರೆದೆವು, ಒಂದು ಸಲ ಹೋಗಿ ಮಾತಾಡಿದೆವು. ಈಗ ಪ್ರತಿ ಹೋಂ ಮ್ಯಾಚಿಗೂ ಅದು ಡಗೌಟ್ ಗೋಡೆಯ ಕೊಕ್ಕೆಯಲ್ಲಿ ಕೆಂಪು ಚೀಲದೊಳಗೆ ನೇತಾಡುತ್ತಿರುತ್ತದೆ. ನಾನು ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಆ ಚೀಲ ಇದೆಯಾ ಅಂತ ನೋಡುತ್ತೇನೆ. ನಿಮ್ಮ ಶಾಲೆಯದು ಎಲ್ಲಿದೆ ಅಂತ ನಾಳೆಯೇ ಕೇಳಿ.