ಹುಲಿ ಏಕೆ ಸಾಯಬೇಕಿತ್ತು?

ಪ್ರಶ್ನೆ: ನನ್ನ ಎಂಟು ವರ್ಷದ ಮಗಳಿಗೆ ಗೋವಿನ ಹಾಡನ್ನು ಹೇಳಿಕೊಟ್ಟಾಗಲೆಲ್ಲ ಅವಳು ‘ಹುಲಿ ಏಕೆ ಸಾಯಬೇಕಿತ್ತು, ಅದಕ್ಕೆ ಹಸಿವಾಗಿತ್ತಲ್ಲವೇ?’ ಎಂದು ಕೇಳುತ್ತಾಳೆ. ನನಗಾದರೋ ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಡುವ ಭಾಗ ಬಂದರೆ ಗಂಟಲು ಕಟ್ಟುತ್ತದೆ. ಮಕ್ಕಳಿಗೆಂದು ಹೇಳುವ ಇಂತಹ ಕಥೆಗಳು ದೊಡ್ಡವರನ್ನೂ ಬಿಡದೆ ಹಿಡಿಯುವುದೇಕೆ? ಕೊನೆಯಲ್ಲಿ ನೀತಿಯನ್ನು ಬಿಡಿಸಿ ಹೇಳಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳ ಪ್ರಶ್ನೆಗೂ ನಿಮ್ಮ ಸಂಕಟಕ್ಕೂ ಕಾರಣ ಒಂದೇ. ಗೋವಿನ ಹಾಡಿನಲ್ಲಿ ಕೆಟ್ಟವರು ಯಾರೂ ಇಲ್ಲ. ಬೆಟ್ಟದ ಕಿಬ್ಬಿಯಲ್ಲಿ ಹಸಿದು ಕಾದಿದ್ದ ಅರ್ಭುತನೆಂಬ ಹುಲಿಗೆ ಆಹಾರ ಬೇಕು, ಕರುವಿಗೆ ತಾಯಿ ಬೇಕು, ತಾಯಿಗೆ ತಾನು ಕೊಟ್ಟ ಮಾತು ಉಳಿಯಬೇಕು. ಮೂವರ ಬೇಡಿಕೆಯೂ ನ್ಯಾಯವಾದದ್ದೇ, ಆದರೆ ಮೂರನ್ನೂ ಒಟ್ಟಿಗೆ ಸಲ್ಲಿಸಲು ಯಾರಿಂದಲೂ ಆಗದು. ಹಸಿವು ಏನೆಂಬುದನ್ನು ಮಗು ಬಲ್ಲದು, ಆದ್ದರಿಂದ ಅದು ಹುಲಿಯ ಪರವಾಗಿ ಮಾತನಾಡುತ್ತದೆ; ಕೊಟ್ಟ ಮಾತಿನ ಭಾರ ತಿಳಿಯುವುದು ಅದನ್ನು ಹೊತ್ತವರಿಗೆ ಮಾತ್ರ. ‘ಆರ ಮೊಲೆಯನು ಕುಡಿಯಲಮ್ಮ’ ಎಂಬ ಸಾಲನ್ನು ಬಾಲ್ಯದಲ್ಲಿ ಕರುವಾಗಿ ಕೇಳಿಸಿಕೊಂಡ ನಾವು, ಮಕ್ಕಳಾದ ಮೇಲೆ ಅದಕ್ಕೆ ಉತ್ತರ ಕೊಡಬೇಕಾದ ತಾಯಿಯ ಜಾಗದಲ್ಲಿ ನಿಂತು ಕೇಳುತ್ತೇವೆ.

ನನ್ನ ಮಟ್ಟಿಗೆ ಇಡೀ ಹಾಡಿನ ಜೀವ ಇರುವುದು ಪುಣ್ಯಕೋಟಿ ತನ್ನ ಜೊತೆಯ ಹಸುಗಳನ್ನು ಬೇಡಿಕೊಳ್ಳುವ ಸಾಲುಗಳಲ್ಲಿ. ‘ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ’ ಎನ್ನುವಾಗ ಅವಳು ಸತ್ಯದ ಮಹಿಮೆಯನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ತಾನಿಲ್ಲದ ಕೊಟ್ಟಿಗೆಯಲ್ಲಿ ಮಗುವಿಗೆ ಏನೇನು ಆಗಬಹುದೆಂದು ಒಂದೊಂದಾಗಿ ಕಂಡು, ಅದಕ್ಕೊಂದು ವ್ಯವಸ್ಥೆ ಮಾಡಿ ಹೊರಡುತ್ತಾಳೆ. ಸತ್ಯಕ್ಕಾಗಿ ತೆರಬೇಕಾದ ಬೆಲೆಯನ್ನು ಇಷ್ಟು ಸ್ಪಷ್ಟವಾಗಿ ಎಣಿಸಿ ತೋರಿಸಿದ ಮೇಲೂ ಅವಳು ಮಾತಿಗೆ ನಿಲ್ಲುತ್ತಾಳೆ ಎಂಬುದರಿಂದಲೇ ಆ ನಿಲುವಿಗೆ ತೂಕ ಬಂದಿದೆ.

ಈ ಕಥೆಗೆ ಪುರಾಣಗಳಲ್ಲಿ ಹತ್ತಿರದ ನಂಟಿದೆ. ಪದ್ಮಪುರಾಣದಲ್ಲಿ ನಂದೆ ಎಂಬ ಹಸು ಹೀಗೆಯೇ ಹುಲಿಗೆ ಮಾತು ಕೊಟ್ಟು ಹಿಂತಿರುಗುತ್ತಾಳೆ. ಆದರೆ ಅಲ್ಲಿನ ಹುಲಿ ನಿಜವಾಗಿ ಪ್ರಭಂಜನನೆಂಬ ಅರಸ. ಮರಿಗೆ ಹಾಲೂಡುತ್ತಿದ್ದ ಜಿಂಕೆಯನ್ನು ಹೊಡೆದುದರಿಂದ ಶಾಪಕ್ಕೆ ಸಿಕ್ಕಿ ಹುಲಿಯಾಗಿದ್ದವನು ನಂದೆಯ ದೆಸೆಯಿಂದ ಬಿಡುಗಡೆ ಹೊಂದುತ್ತಾನೆ. ಲೆಕ್ಕ ಅಲ್ಲಿಗೆ ಚುಕ್ತಾ ಆಗುತ್ತದೆ, ಕೇಳುಗರಿಗೆ ಯಾವ ಕೊರಗೂ ಉಳಿಯುವುದಿಲ್ಲ. ಹೆಸರು ತಿಳಿಯದ ನಮ್ಮ ಜನಪದ ಕವಿಯ ಹುಲಿಗೆ ಶಾಪವೂ ಇಲ್ಲ, ಹಿಂದಿನ ಜನ್ಮದ ಅರಮನೆಯೂ ಇಲ್ಲ. ಅದು ಹುಲಿಯಾಗಿಯೇ ಬದುಕಿ, ‘ಎನ್ನ ಒಡಹುಟ್ಟಕ್ಕ ನೀನು’ ಎಂದು ಹಸುವನ್ನು ಕರೆದು, ಹುಲಿಯಾಗಿಯೇ ಪ್ರಾಣ ಬಿಡುತ್ತದೆ. ಅಕ್ಕ ಎಂದು ಕರೆದ ಬಾಯಿಂದ ಅವಳನ್ನು ತಿನ್ನುವಂತಿಲ್ಲ, ತಿನ್ನದೆ ಹುಲಿ ಬದುಕುವಂತಿಲ್ಲ. ನಿಮ್ಮ ಮಗಳ ಪ್ರಶ್ನೆ ಹುಟ್ಟುವುದು ಇಲ್ಲಿಯೇ, ಮತ್ತು ಕನ್ನಡದ ಹಾಡು ಹೆಚ್ಚು ಕಾಡುವುದೂ ಇದರಿಂದಲೇ ಎಂದು ನಾನು ತಿಳಿದಿದ್ದೇನೆ.

ಇಂತಹ ಕೊರಗನ್ನು ಸಹಿಸುವುದು ದೊಡ್ಡವರಿಗೇ ಕಷ್ಟವಾಗಿರುವುದುಂಟು. ಸಂಸ್ಕೃತ ಪಂಚತಂತ್ರದ ಮೊದಲ ಭಾಗದಲ್ಲಿ ದಮನಕನೆಂಬ ನರಿ ಚಾಡಿ ಹೇಳಿ, ಪಿಂಗಲಕ ಸಿಂಹಕ್ಕೂ ಸಂಜೀವಕ ಎತ್ತಿಗೂ ಇದ್ದ ಸ್ನೇಹವನ್ನು ಮುರಿಯುತ್ತದೆ. ಎತ್ತು ಸಾಯುತ್ತದೆ, ನರಿಗೆ ಯಾವ ಶಿಕ್ಷೆಯೂ ಆಗುವುದಿಲ್ಲ. ಈ ಕಥೆಗಳು ಪರ್ಷಿಯದ ಹಳೆಯ ಭಾಷೆಯಾದ ಪಹ್ಲವಿಯ ಮೂಲಕ ಸಾಗಿ, 8ನೆಯ ಶತಮಾನದಲ್ಲಿ ಇಬ್ನ್ ಅಲ್‌ಮುಕಫ್ಫನ ಕೈಯಲ್ಲಿ ಅರಬ್ಬಿಗೆ ಬಂದಾಗ, ನರಿಯ ವಿಚಾರಣೆ ನಡೆದು ಅದಕ್ಕೆ ಶಿಕ್ಷೆಯಾಗುವ ಒಂದು ಹೊಸ ಅಧ್ಯಾಯವೇ ಸೇರಿಕೊಂಡಿತು; ಅದನ್ನು ಬರೆದವನು ಅವನೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಕನ್ನಡದಲ್ಲಿ ಸುಮಾರು 1031ರಲ್ಲಿ ಪಂಚತಂತ್ರವನ್ನು ಚಂಪೂವಾಗಿ ಬರೆದ ದುರ್ಗಸಿಂಹನು ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಯುದ್ಧ ಮತ್ತು ಒಪ್ಪಂದಗಳ ಹೊಣೆ ಹೊತ್ತ ಅಧಿಕಾರಿಯೊಬ್ಬನು ನರಿ, ಸಿಂಹ, ಎತ್ತುಗಳ ಕಥೆಯನ್ನು ತನ್ನ ಕಾವ್ಯಕ್ಕೆ ತಕ್ಕ ವಸ್ತುವೆಂದು ಆರಿಸಿಕೊಂಡನೆಂಬುದನ್ನು, ಪ್ರಾಣಿಗಳ ಕಥೆ ಎಳೆಯರಿಗೆ ಮಾತ್ರವೆಂದು ಭಾವಿಸುವವರು ಗಮನಿಸಬೇಕು.

ಇನ್ನು ನೀತಿಯ ವಿಷಯ. ದಯವಿಟ್ಟು ಅದನ್ನು ಕಥೆಯ ಬೆನ್ನಿಗೇ ಹೇಳಿಬಿಡಬೇಡಿ. ‘ಸತ್ಯವನ್ನೇ ನುಡಿಯಬೇಕು’ ಎಂದು ನೀವು ಮುಗಿಸಿದ ಕೂಡಲೇ ಹುಲಿಯ ಸಾವಿನ ಬಗ್ಗೆ ಕೇಳುವುದಕ್ಕೆ ಅವಳಿಗೆ ಎಡೆಯೇ ಇರುವುದಿಲ್ಲ. ‘ನೀನು ಹುಲಿಯಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಅವಳನ್ನೇ ಕೇಳಿ. ಬೇರೆ ಆಹಾರ ಹುಡುಕುತ್ತಿದ್ದೆ ಎಂದಾಳು, ಕಾಳಿಂಗನೆಂಬ ಗೊಲ್ಲ ದೊಡ್ಡಿಯ ಕಾವಲನ್ನು ಸರಿಯಾಗಿ ಮಾಡಬೇಕಿತ್ತು ಎಂದಾಳು. ಯಾವುದನ್ನೂ ತಪ್ಪೆನ್ನದೆ, ಹುಲಿ ಸಾಯುವುದು ನಿಮಗೂ ಒಪ್ಪಿಗೆಯಾಗದಿದ್ದರೆ ಅದನ್ನು ಅವಳೆದುರು ಹಾಗೆಯೇ ಹೇಳಿ, ಮರುದಿನ ಹಾಡನ್ನು ಮೊದಲಿನಿಂದ ಮತ್ತೆ ಹಾಡಿ.